ಕೊಟ್ಟಿಗೆ ಕಾಯುವ ನಾಯಿಗೆ ಚಿಗಟ ಹತ್ತಿದಾಗ

ನಾಯಿಗೆ ಮದ್ದು ಹಾಕಿ ಎರಡು ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಬಾಲದ ಬುಡ ಕಚ್ಚಿಕೊಳ್ಳುತ್ತಿದ್ದರೆ, ಮದ್ದನ್ನು ದೂರುವ ಮೊದಲು ಅದು ಮಲಗುವ ಜಾಗ ನೋಡಿ. ನಮ್ಮ ಕಣ್ಣಿಗೆ ಬೀಳುವ ಚಿಗಟ ಒಟ್ಟು ಸಂತಾನದ ಸಣ್ಣ ಪಾಲು ಮಾತ್ರ. ಮೊಟ್ಟೆ, ಮರಿಹುಳು, ಗೂಡು ಎಲ್ಲವೂ ನೆಲದಲ್ಲಿರುತ್ತವೆ: ಗೋಣಿಚೀಲದ ಮಡಿಕೆಯಲ್ಲಿ, ಗೋದಲಿಯ ಕೆಳಗಿನ ಧೂಳಿನಲ್ಲಿ, ಹುಲ್ಲಿನ ಬಣವೆಯ ನೆರಳಲ್ಲಿ.

ಮೊದಲು ಅದು ಚಿಗಟವೇ ಎಂದು ಖಚಿತ ಮಾಡಿಕೊಳ್ಳಿ. ಉಣ್ಣಿ ಕಚ್ಚಿದಲ್ಲೇ ಅಂಟಿ ಊದುತ್ತದೆ, ಚಿಗಟ ಕೂದಲ ನಡುವೆ ಓಡುತ್ತದೆ, ಹಾರುತ್ತದೆ. ಸೊಂಟದ ಮೇಲೆ ಹೇನಿನ ಬಾಚಣಿಗೆ ಎಳೆದು, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ. ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ನೆಲದ ಪರೀಕ್ಷೆಗೆ, ರಾತ್ರಿ ಒಂದು ತಟ್ಟೆಯಲ್ಲಿ ಸೋಪಿನ ನೀರಿಟ್ಟು ಅದರ ಮೇಲೆ ದೀಪ ಉರಿಸಿ. ಬೆಳಿಗ್ಗೆ ತಟ್ಟೆಯೇ ಉತ್ತರ ಹೇಳುತ್ತದೆ.

ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನದಲ್ಲಿ ಮೊಟ್ಟೆಯಿಡಲು ತೊಡಗಿ, ದಿನಕ್ಕೆ 40–50ರವರೆಗೆ ಇಡಬಲ್ಲದು. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ನಾಯಿ ಮೈ ಕೊಡವಿದಲ್ಲೆಲ್ಲ ಉದುರುತ್ತದೆ. ಬೆಚ್ಚಗೆ ತೇವವಿದ್ದರೆ ಮೂರು ನಾಲ್ಕು ವಾರದಲ್ಲಿ ಹೊಸ ಪೀಳಿಗೆ ತಯಾರು. ಮರಿಹುಳು ಬಿಸಿಲು, ಒಣಹವೆ ತಾಳದು. ಗೂಡು ಕಟ್ಟಿಕೊಂಡದ್ದು ಮಾತ್ರ ಹಟಮಾರಿ: ಸಿಂಪಡಿಸಿದ ಮದ್ದು ಒಳಗೆ ಹೋಗದು, ತಿಂಗಳುಗಟ್ಟಲೆ ಕಾದು ಕುಳಿತು, ಹೆಜ್ಜೆಯ ಅದುರು ಮತ್ತು ಮೈಬಿಸಿ ತಾಗಿದೊಡನೆ ಒಡೆದು ಹೊರಬರುತ್ತದೆ. ಹಾಗಾಗಿ ಒಮ್ಮೆ ಮದ್ದು ಹಾಕಿ ಕೈತೊಳೆದುಕೊಂಡರೆ ಆಗದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು.

ನಾಯಿಗೆ ಫಿಪ್ರೊನಿಲ್ 0.25% ಸ್ಪ್ರೇ ಬಳಸುವುದಾದರೆ ಕಿಲೋ ತೂಕಕ್ಕೆ 3ರಿಂದ 6 ಮಿ.ಲೀ. ಬೇಕು. 15 ಕಿಲೋ ನಾಯಿಗೆ 45–90 ಮಿ.ಲೀ. ಆಯಿತು, ಅಂದರೆ ದಟ್ಟ ಕೂದಲಿದ್ದರೆ 100 ಮಿ.ಲೀ. ಬಾಟಲಿ ಹೆಚ್ಚುಕಡಿಮೆ ಒಂದೇ ನಾಯಿಗೆ ಖಾಲಿ. ಬೆನ್ನಿಗೆ ನಾಲ್ಕು ಸಲ ಪುಸ್ ಎನ್ನಿಸಿ ಬಿಡುವುದೇ ಸೋಲಿಗೆ ದೊಡ್ಡ ಕಾರಣ. ಕೈಗವಸು ಹಾಕಿ, ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರ ನಿಂತು, ಕೂದಲ ದಿಕ್ಕಿಗೆ ಎದುರಾಗಿ ಚರ್ಮ ಒದ್ದೆಯಾಗುವಂತೆ ಹೊಡೆಯಿರಿ. ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ಒಣಗುವವರೆಗೆ ಬೇರೆ ಕಡೆ ಕಟ್ಟಿ, ಇಲ್ಲದಿದ್ದರೆ ಕರು ಬಂದು ನೆಕ್ಕುತ್ತದೆ. ಕೆರೆಯಲ್ಲಿ ಈಜುವ ನಾಯಿಗೆ ಮಾತ್ರೆಯೇ ಒಳ್ಳೆಯದು: ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲಾನರ್ ಊಟದ ಜೊತೆ 12 ವಾರಕ್ಕೊಮ್ಮೆ. ಮೂರ್ಛೆ ಬರುವ ನಾಯಿಯಾದರೆ ಪಶುವೈದ್ಯರಿಗೆ ಮೊದಲೇ ಹೇಳಿ. ತೂಕ ಅಂದಾಜು ಹಾಕಬೇಡಿ, ಎತ್ತಿಕೊಂಡು ತಕ್ಕಡಿ ಹತ್ತಿ ನಿಮ್ಮ ತೂಕ ಕಳೆಯಿರಿ. ಮನೆಯ ಎಲ್ಲ ನಾಯಿಗೂ ಬೆಕ್ಕಿಗೂ ಅದೇ ದಿನ ಮದ್ದಾಗಬೇಕು, ಆದರೆ ಬೆಕ್ಕಿಗೆ ಬೆಕ್ಕಿನದೇ ಮದ್ದು. ನಾಯಿಗೆಂದು ತಂದ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ಕೊಟ್ಟಿಗೆ ಇದ್ದಲ್ಲಿ ಕೈಗೆ ಸಿಗುವ ದನದ ಮದ್ದು, ಬೆಳೆ ಮದ್ದುಗಳನ್ನು ನಾಯಿಗೆ ಬಳಸಲೇಬೇಡಿ. ಉಣ್ಣಿಗೆ ತಂದ ಅಮಿಟ್ರಾಜ್ ಚಿಗಟಕ್ಕೆ ಉಪಯೋಗವಿಲ್ಲ. ಐವರ್‌ಮೆಕ್ಟಿನ್ ಸೂಜಿಯಿಂದ ಚಿಗಟ ಹೋಗದು, ಕೋಲಿ ಜಾತಿಯ ನಾಯಿಗಳಿಗೆ ಪ್ರಾಣಾಪಾಯ. ಗದ್ದೆಗೆ ಹೊಡೆಯುವ 5% ಫಿಪ್ರೊನಿಲ್ಲನ್ನು ನೀರು ಬೆರೆಸಿ ನಾಯಿಗೆ ಹಚ್ಚುವುದು, ಸೀಮೆಎಣ್ಣೆ, ಹೊಗೆಸೊಪ್ಪಿನ ಕಷಾಯ ಎಲ್ಲವೂ ವಿಷವೇ. ಹಾಲು ಕೊಡುವ ದನ, ಮೇಕೆ, ಕೋಳಿಗಳ ಬಳಿಗಂತೂ ಫಿಪ್ರೊನಿಲ್ ಸುಳಿಯಬಾರದು. 2017ರಲ್ಲಿ ಯುರೋಪಿನಲ್ಲಿ ಕೋಳಿಮನೆಗೆ ಅದನ್ನು ಬಳಸಿದ್ದರಿಂದಲೇ ಲಕ್ಷಾಂತರ ಮೊಟ್ಟೆ ಬಿಸಾಡಬೇಕಾಯಿತು.

ಇನ್ನು ನೆಲ. ಗೋಣಿಗಳನ್ನು ಕುದಿನೀರಿನಲ್ಲಿ ಅದ್ದಿ ವಾರವಾರ ಬಿಸಿಲಿಗೆ ಹಾಕಿ, ತೀರ ಹಳೆಯದನ್ನು ಸುಡಿ. ಮೂಲೆಯ ಸಡಿಲ ಮಣ್ಣು, ಹಳೇ ಹುಲ್ಲನ್ನು ಎರಡಿಂಚು ಕೆರೆದು ತಿಪ್ಪೆಗಲ್ಲ, ದೂರಕ್ಕೆ ಸಾಗಿಸಿ. ಬಿರುಕುಗಳನ್ನು ಮಣ್ಣಿನಿಂದ ಮೆತ್ತಿ, ಗಾಳಿ ಬೆಳಕು ಆಡುವಂತೆ ಮಾಡಿ. ಆಮೇಲೆ ಪಶುವೈದ್ಯರು ಸೂಚಿಸಿದ ಡೆಲ್ಟಾಮೆಥ್ರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲೇ ನೆಲಕ್ಕೆ, ಗೋಡೆಯ ಬುಡಕ್ಕೆ ಸಿಂಪಡಿಸಿ. ಅದಕ್ಕೆ ಮುಂಚೆ ರಾಸುಗಳು, ಮೇವು, ನೀರಿನ ತೊಟ್ಟಿ, ಹಾಲಿನ ಕ್ಯಾನು ಹೊರಗಿರಬೇಕು, ಒಣಗುವ ತನಕ ಬೆಕ್ಕು ಒಳಗೆ ಬರಬಾರದು. ತೊಳೆದ ನೀರು ಕೆರೆ ಸೇರಿದರೆ ಮೀನು ಸಾಯುತ್ತವೆ. ಎರಡು ವಾರ ಬಿಟ್ಟು ಮತ್ತೊಮ್ಮೆ.

ಮೇಕೆ ಮರಿ, ಎಳೆ ಕರುಗಳನ್ನು ಬಿಡದೆ ನೋಡಿ. ಕೆಳರೆಪ್ಪೆ ಎಳೆದಾಗ ಒಳಭಾಗ ಗುಲಾಬಿ ಬಿಟ್ಟು ಬಿಳಚಿಕೊಂಡಿದ್ದರೆ ರಕ್ತಹೀನತೆ. ಚಿಗಟವೂ ಕಾರಣವಾಗಿರಬಹುದು, ಹೊಟ್ಟೆಹುಳುವೂ. ಅಂದೇ ವೈದ್ಯರನ್ನು ಕರೆಸಿ, ಮರಿ ಸಾಯಲು ಹೆಚ್ಚು ದಿನ ಬೇಕಿಲ್ಲ. ನಾಯಿಯ ಗುದದ ಸುತ್ತ ಸೌತೆಬೀಜದಂಥ ತುಣುಕು ಕಂಡರೆ ಅದು ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು. ಕಿಲೋಗೆ 5 ಮಿ.ಗ್ರಾಂ. ಲೆಕ್ಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಮದ್ದು ಸಾಕು, ಆದರೆ ಚಿಗಟ ಉಳಿದರೆ ಲಾಡಿಹುಳು ತಿರುಗಿ ಬರುತ್ತದೆ.

ಕೆಲವು ತಿಂಗಳು ಮುಚ್ಚಿಟ್ಟ ಮರಿಗಳ ಕೊಟ್ಟಿಗೆ ತೆರೆಯುವಾಗ ಕಾಲಿಗೆ ಚಿಗಟ ಮುತ್ತುವುದು ಆ ಗೂಡುಗಳಿಂದಲೇ. ಮರಿಗಳನ್ನು ಒಳಗೆ ಬಿಡುವ ಮೊದಲು ನೆಲವನ್ನು ಕೋಲಿನಿಂದ ಚೆನ್ನಾಗಿ ಬಡಿದು, ಚಿಗಟ ಹೊರಬಂದ ಮೇಲೆ ಸಿಂಪಡಿಸಿ, ಎರಡು ದಿನ ಬಿಟ್ಟು ತಟ್ಟೆಯ ಪರೀಕ್ಷೆ ಮಾಡಿ. ತಟ್ಟೆ ಖಾಲಿ ಇದ್ದರೆ ಮಾತ್ರ ಮರಿಗಳನ್ನು ಬಿಡಿ.