ಪೊಲೀಸ್ ತರಬೇತಿಗೆ ಊರು ಬಿಟ್ಟು ಹೊರಡುವವರಿಗೆ

ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದವರನ್ನು ಚನ್ನಪಟ್ಟಣ, ಧಾರವಾಡ, ಕಡೂರು, ಖಾನಾಪುರ, ಐಮಂಗಲ ಮುಂತಾದ ಕಡೆಗಳಲ್ಲಿರುವ ತರಬೇತಿ ಶಾಲೆಗಳಿಗೆ ಇಲಾಖೆ ನಿಯೋಜಿಸುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದವರು ಮುದ್ದೆಯ ಸೀಮೆಗೂ, ಮುದ್ದೆಯವರು ರೊಟ್ಟಿಯ ಸೀಮೆಗೂ ಹೋಗಬೇಕಾಗಬಹುದು. ಊಟ ಬೇಗ ಒಗ್ಗುತ್ತದೆ. ಕಷ್ಟ ಕೊಡುವುದು ಪಾದಗಳು.

1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಆಯ್ಕೆಯಾದ ಹುಡುಗರು ಸಹಜವಾಗಿಯೇ ತಮ್ಮ ದೇಹದ ಬಗ್ಗೆ ನಿಶ್ಚಿಂತರಾಗಿರುತ್ತಾರೆ. ಆದರೆ ಹಗುರವಾದ ಸ್ಪೋರ್ಟ್ಸ್ ಶೂನಲ್ಲಿ ಓಡುವುದಕ್ಕೂ ಬೂಟು ತೊಟ್ಟು ಗಟ್ಟಿ ಮೈದಾನದ ಮೇಲೆ ದಿನವೂ ಹಿಮ್ಮಡಿ ಬಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಆದ್ದರಿಂದ ಹೊರಡುವ ಮೊದಲೇ ಚರ್ಮದ ಬೂಟು ಧರಿಸಿ ದಿನಕ್ಕೆ ಸ್ವಲ್ಪ ಹೊತ್ತು ನಡೆದು ಅಭ್ಯಾಸ ಮಾಡಿಕೊಳ್ಳಿ. ಕಾಲುಚೀಲಗಳನ್ನು ಸಾಕಷ್ಟು ಒಯ್ಯಿರಿ. ಒದ್ದೆಯಾದದ್ದನ್ನು ಮತ್ತೆ ಹಾಕಿಕೊಳ್ಳಬೇಡಿ. ಬೊಬ್ಬೆ ಎದ್ದರೆ ಅದರ ಚರ್ಮವನ್ನು ಕೀಳದೆ, ಸ್ವಚ್ಛಗೊಳಿಸಿ ಬ್ಯಾಂಡೇಜು ಹಾಕಿ. ಮೊಣಕಾಲಿನ ಕೆಳಗೆ ಮೂಳೆಯ ಒಂದೇ ಜಾಗದಲ್ಲಿ, ಬೆರಳಿನಿಂದ ಒತ್ತಿದಾಗ ಚುಚ್ಚಿದಂತೆ ನೋವಾದರೆ ಅದು ಮೂಳೆಯಲ್ಲಿ ಬಿರುಕಿನ ಲಕ್ಷಣವಿರಬಹುದು. ಹಾಗಿದ್ದಾಗ ಸಿಕ್ ರಿಪೋರ್ಟ್ ಮಾಡಲು, ಅಂದರೆ ಮೈ ಸರಿಯಿಲ್ಲವೆಂದು ಮೇಲಿನವರಿಗೆ ತಿಳಿಸಲು, ನಾಚಿಕೊಳ್ಳಬೇಡಿ. ಅತಿಯಾದ ಕಸರತ್ತಿನ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರಂತೂ ಅಂದೇ ವೈದ್ಯರ ಬಳಿಗೆ ಹೋಗಬೇಕು, ಏಕೆಂದರೆ ಅದು ಮೂತ್ರಪಿಂಡಕ್ಕೆ ಅಪಾಯವಾಗುವ ಸೂಚನೆಯಿರಬಹುದು.

ಕವಾಯತಿನಲ್ಲಿ ಶಕ್ತಿಗಿಂತ ಗಮನ ಮುಖ್ಯ. ಸಾವಧಾನ್ (ಅಟೆನ್ಶನ್) ಭಂಗಿಯಲ್ಲಿ ಹಿಮ್ಮಡಿಗಳು ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನವಿರಬೇಕು, ಮುಷ್ಟಿ ಬಿಗಿದು ಹೆಬ್ಬೆರಳು ಪ್ಯಾಂಟಿನ ಹೊಲಿಗೆಯ ಸಾಲಿಗೆ ಬರಬೇಕು. ಇದನ್ನು ಕೊಠಡಿಯಲ್ಲಿ ಸಹಪ್ರಶಿಕ್ಷಣಾರ್ಥಿಯೊಬ್ಬರ ಮುಂದೆ ನಿಂತು ತಿದ್ದಿಕೊಂಡರೆ, ಮೈದಾನದಲ್ಲಿ ಒಬ್ಬನ ತಪ್ಪಿಗೆ ಇಡೀ ಸ್ಕ್ವಾಡ್ ಓಡುವುದು ತಪ್ಪೀತು. ಬೂಟಿಗೆ ಪಾಲಿಶ್, ಸಮವಸ್ತ್ರಕ್ಕೆ ಇಸ್ತ್ರಿ ಮುಂತಾದವನ್ನು ಹಿಂದಿನ ರಾತ್ರಿಯೇ ಮುಗಿಸಿ. ಬೆಳಗಿನ ಹೊತ್ತು ಸ್ನಾನಗೃಹದ ಸಾಲಿಗೇ ಸರಿಹೋಗುತ್ತದೆ.

ಮಧ್ಯಾಹ್ನದ ಒಳಾಂಗಣ ತರಗತಿಗಳಲ್ಲಿ ನಿದ್ದೆ ಎಳೆಯುವುದು ಎಲ್ಲರಿಗೂ ಇದ್ದದ್ದೇ, ಆದರೆ ಠಾಣೆಯಲ್ಲಿ ಮುಂದೆ ಕೈಹಿಡಿಯುವುದು ಆ ಪಾಠಗಳೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದರೂ, ಅದಕ್ಕಿಂತ ಮೊದಲು ನಡೆದ ಅಪರಾಧಗಳ ಪ್ರಕರಣಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡರ ಕಲಂಗಳೂ ಗೊತ್ತಿರಬೇಕಾಗುತ್ತದೆ. ನೋಟ್‌ಪುಸ್ತಕದಲ್ಲಿ ಹಳೆಯದು, ಹೊಸದು ಎಂದು ಎರಡು ಅಂಕಣ ಮಾಡಿ ಕೊಲೆಗೆ 302 ಮತ್ತು 103, ಕಳವಿಗೆ 379 ಮತ್ತು 303, ವಂಚನೆಗೆ 420 ಮತ್ತು 318 ಎಂದು ಅಕ್ಕಪಕ್ಕ ಬರೆದುಕೊಳ್ಳಿ. ಎಫ್‌ಐಆರ್ ದಾಖಲಿಸುವುದು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಡಿ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಬರುತ್ತದೆ. ಕಲಂಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಸಂತೆಯಲ್ಲಿ ಜೇಬುಗಳವು ಆಯಿತೆಂದು ಒಬ್ಬರು ಬಂದರೆ ಏನು ಬರೆದುಕೊಳ್ಳಬೇಕು ಎಂಬಂಥ ಪ್ರಸಂಗವನ್ನಿಟ್ಟುಕೊಂಡು ಗೆಳೆಯರೊಡನೆ ಚರ್ಚಿಸುವುದು ಹೆಚ್ಚು ಉಪಯುಕ್ತ.

ಫೋನ್ ಬಳಕೆಗೆ ಮಿತಿಯಿರುವುದರಿಂದ, ಕರೆ ಬಾರದಿದ್ದರೆ ಗಾಬರಿಪಡಬಾರದೆಂದು ಅಪ್ಪ ಅಮ್ಮನಿಗೆ ಮೊದಲೇ ತಿಳಿಸಿ, ತುರ್ತಿಗಾಗಿ ಶಾಲೆಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟು ಬನ್ನಿ. ಮೊದಲ ಸಂಬಳ ಖಾತೆಗೆ ಬರುವುದು ತಡವಾಗುವುದುಂಟು. ಸಾಬೂನು, ಪಾಲಿಶ್, ಕ್ಷೌರದ ಖರ್ಚಿಗೆ ಕೈಯಲ್ಲಿ ಒಂದಿಷ್ಟು ಹಣವಿರಲಿ.