ಗದ್ದೆಯಿಂದ ಬೆರಳಿಗೆ: ನೀಲದ ಕಲ್ಲು ತಯಾರಾಗುವುದು ಹೇಗೆ?

ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಉಂಗುರಕ್ಕೆ ಕೂರಿಸುವ ಮೊದಲು ಕಲ್ಲನ್ನು ಮೂರು ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿ, ಕೆಟ್ಟ ಕನಸು ಬಿದ್ದರೆ ಅಂಗಡಿಗೆ ಹಿಂದಿರುಗಿಸುವ ರೂಢಿ ಇಂದಿಗೂ ಇದೆ. ಕಲ್ಲು ನಮ್ಮನ್ನು ಪರೀಕ್ಷಿಸುತ್ತದೆ ಎಂಬ ನಂಬಿಕೆ ಅದು. ಆ ಕಲ್ಲೇ ಏನೇನು ದಾಟಿ ಬಂದಿದೆ ಎಂದು ಕೇಳುವವರು ಮಾತ್ರ ಕಡಿಮೆ. ದಾಟಿ ಬಂದ ಹಂತಗಳಲ್ಲಿ ಒಂದರ ಸುದ್ದಿಯನ್ನು ಅಂಗಡಿಯವರು ಸಾಮಾನ್ಯವಾಗಿ ತಾವಾಗಿ ಎತ್ತುವುದೂ ಇಲ್ಲ. ನೀಲಕ್ಕೆ ಹೆಸರಾದ ಶ್ರೀಲಂಕಾದ ರತ್ನಪುರದಿಂದಲೇ ಒಂದು ಕಲ್ಲನ್ನು ಹಿಂಬಾಲಿಸಿ ನೋಡೋಣ.

ಮೊದಲು, ಕಾಯುವುದು

ನೀಲ ಮತ್ತು ಕೆಂಪು ಎರಡೂ ಒಂದೇ ಖನಿಜ, ಕುರುವಿಂದ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರಿನ ಬೇರೂ ನಮ್ಮ ನೆಲದ ಈ ಪದದಲ್ಲೇ ಇದೆ. ಅದರೊಳಗೆ ಇರುವುದು ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ. ಅಲ್ಯೂಮಿನಿಯಂ ಭೂಮಿಯಲ್ಲಿ ಧಾರಾಳವಾಗಿದೆ. ಹಾಗಿದ್ದರೆ ರತ್ನ ಏಕೆ ಅಪರೂಪ? ಸಿಲಿಕಾ ಅದಕ್ಕಿಂತ ಧಾರಾಳವಾಗಿರುವುದರಿಂದ. ಎರಡೂ ಎದುರಾದರೆ ಕೂಡಿಕೊಂಡು ಅಭ್ರಕವೋ ಫೆಲ್ಡ್‌ಸ್ಪಾರೋ ಆಗಿಬಿಡುತ್ತವೆ. ನೆಲದಾಳದಲ್ಲಿ ಶಾಖ, ಒತ್ತಡ ಎರಡೂ ಇದ್ದು, ಸಿಲಿಕಾಕ್ಕೆ ಮಾತ್ರ ಬರ ಬಂದಿರುವ ಕಡೆ ಕುರುವಿಂದದ ಹರಳು ಕಟ್ಟುತ್ತದೆ. ಶುದ್ಧ ಕುರುವಿಂದಕ್ಕೆ ಬಣ್ಣವೇ ಇಲ್ಲ. ಚೂರು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾಗಿ ಸೇರಿದರೆ ನೀಲ. ಅಂದರೆ ನಾವು ದುಡ್ಡು ಕೊಡುವುದು ಕಲ್ಲಿನ ಕೊಳೆಗೆ.

ರತ್ನಪುರದ ಬೆಟ್ಟಗಳ ಶಿಲೆಗಳು ಹೀಗೆ ಬೆಂದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ಶ್ರೀಲಂಕಾ, ದಕ್ಷಿಣ ಭಾರತ, ಮಡಗಾಸ್ಕರ್, ಪೂರ್ವ ಆಫ್ರಿಕಾ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದಲ್ಲಿ. ಹಳೆಯ ಮೈಸೂರು ಸೀಮೆಯಲ್ಲೂ ಕುರುವಿಂದ ಸಿಗುತ್ತದೆ. ಹೆಚ್ಚಿನದು ಮಂಕು ಕಲ್ಲು, ಸಾಣೆ ಹಿಡಿಯಲಿಕ್ಕಷ್ಟೇ ಸರಿ. ಅದರಲ್ಲೇ ಆಯ್ದ ಕೆಲವನ್ನು ಗುಮ್ಮಟದಂತೆ ಉಜ್ಜಿದಾಗ ಮೇಲೆ ಆರು ಕಾಲಿನ ನಕ್ಷತ್ರ ಮೂಡುತ್ತದೆ. ಒಳಗಿರುವ, ರುಟೈಲ್ ಎಂಬ ಇನ್ನೊಂದು ಖನಿಜದ, ಕೂದಲಿಗಿಂತ ತೆಳುವಾದ ಸೂಜಿಗಳು ಬೆಳಕನ್ನು ಹೊರಳಿಸುವುದೇ ಇದಕ್ಕೆ ಕಾರಣ. ಈ ಸೂಜಿಗಳನ್ನು ನೆನಪಿಟ್ಟುಕೊಳ್ಳಿ. ಕುಲುಮೆಯ ಹತ್ತಿರ ಮತ್ತೆ ಸಿಗುತ್ತವೆ.

ತೋಡುವುದು, ತೊಳೆಯುವುದು

ಬೆಟ್ಟ ಸವೆದಾಗ ಕುರುವಿಂದ ಸವೆಯುವುದಿಲ್ಲ, ಏಕೆಂದರೆ ಗಡಸುತನದಲ್ಲಿ ವಜ್ರದ ನಂತರ ಅದೇ. ಹೊಳೆ ಅದನ್ನು ಉರುಳಿಸಿಕೊಂಡು ಬಂದು ಕಣಿವೆಯ ತಳದ ಜಲ್ಲಿಯಲ್ಲಿ ಬಿಟ್ಟಿದೆ. ಸಿಂಹಳದಲ್ಲಿ ಆ ಜಲ್ಲಿ ಪದರಕ್ಕೆ ‘ಇಲ್ಲಂ’ ಎನ್ನುತ್ತಾರೆ. ಅದರ ಮೇಲೆ ಈಗ ಭತ್ತದ ಗದ್ದೆಗಳಿವೆ, ರಬ್ಬರ್ ತೋಟಗಳಿವೆ. ಹಾಗಾಗಿ ಇಲ್ಲಿನ ಗಣಿಯೆಂದರೆ ಗದ್ದೆಯ ನಡುವಿನ ಒಂದು ಚೌಕ ಬಾವಿ, ಮೇಲೊಂದು ತೆಂಗಿನ ಗರಿಯ ಚಪ್ಪರ. ಗೋಡೆ ಕುಸಿಯದಂತೆ ಮರದ ತೊಲೆಗಳ ಚೌಕಟ್ಟು ಕಟ್ಟಿ, ಸಂದಿಗೆ ಜರಿಗಿಡದ ಸೊಪ್ಪು ತುರುಕುತ್ತಾರೆ. ನೀರು ಒಸರುತ್ತಲೇ ಇರುವುದರಿಂದ ಪಂಪು ನಿಲ್ಲುವಂತಿಲ್ಲ. ಲಂಗೋಟಿ ಕಟ್ಟಿದ ಆಳುಗಳು ಕೆಳಗೆ ಜಲ್ಲಿ ತುಂಬುತ್ತಾರೆ, ಮೇಲಿನವರು ರಾಟೆಯಿಂದ ಎತ್ತುತ್ತಾರೆ. ಭಾರಿ ಯಂತ್ರಗಳಿಗೆ ಕಟ್ಟುನಿಟ್ಟಿನ ಮಿತಿಯಿದೆ, ಪರವಾನಗಿ ಬೇಕು, ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಲೇಬೇಕು ಎಂದು ಮುಂಗಡ ಠೇವಣಿಯೂ ಇಡಬೇಕು.

ತೊಳೆಯುವ ಕೆಲಸ ನಮ್ಮಲ್ಲಿ ಅಕ್ಕಿ ಗಾಲಿಸಿದಂತೆಯೇ. ಬಿದಿರಿನ ಬುಟ್ಟಿಯನ್ನು ನೀರಿನಲ್ಲಿ ಸುತ್ತಾಡಿಸಿದರೆ ಮಣ್ಣು ಮತ್ತು ಹಗುರವಾದ ಬೆಣಚುಕಲ್ಲು ಅಂಚಿನಿಂದ ಹೊರಟುಹೋಗುತ್ತವೆ. ನೀರಿನ ನಾಲ್ಕು ಪಟ್ಟು ತೂಕದ ಕುರುವಿಂದ ತಳದಲ್ಲಿ ಕೂರುತ್ತದೆ. ಕೊನೆಗೆ ಅನುಭವಸ್ಥನೊಬ್ಬ ಬುಟ್ಟಿಯನ್ನು ಬಿಸಿಲಿಗೆ ವಾಲಿಸಿ ಬೆರಳಾಡಿಸುತ್ತಾನೆ. ಆ ಹೊತ್ತಿಗೆ ಸುತ್ತ ನಿಂತವರೆಲ್ಲ ಸುಮ್ಮನಾಗುತ್ತಾರಂತೆ. ಕಾರಣವಿದೆ: ಇಲ್ಲಿ ರೂಢಿಯಲ್ಲಿರುವುದು ಕೂಲಿಯಲ್ಲ, ಪಾಲು. ಜಮೀನಿನವನಿಗೆ, ಪರವಾನಗಿದಾರನಿಗೆ, ಪಂಪಿನವನಿಗೆ, ಬಂಡವಾಳ ಹಾಕಿದವನಿಗೆ, ಗುಂಡಿಗೆ ಇಳಿದವನಿಗೆ ಎಲ್ಲರಿಗೂ ಸಿಕ್ಕಿದ್ದರಲ್ಲಿ ಭಾಗ. ಸಿಗದಿದ್ದರೆ ತಿಂಗಳುಗಟ್ಟಲೆ ದುಡಿದೂ ಊಟದ ಖರ್ಚಷ್ಟೇ.

ಸುಡುವುದು

ಬುಟ್ಟಿಯಲ್ಲಿ ಸಿಗುವುದೆಲ್ಲ ಜಾಹೀರಾತಿನಲ್ಲಿ ಕಾಣುವ ನೀಲಿಯಲ್ಲ. ಹಾಲು ಬೆರೆಸಿದಂತೆ ಮಬ್ಬಾದ, ಬೂದಿ ಬಣ್ಣದ ಕಲ್ಲುಗಳು ಬಹಳ. ಇವಕ್ಕೆ ‘ಗೆವುಡ’ ಎಂದು ಹೆಸರು. 1970ರ ದಶಕದವರೆಗೆ ಗೆವುಡಕ್ಕೆ ಬೆಲೆಯಿರಲಿಲ್ಲ. ಆಗ ಥಾಯ್ಲೆಂಡಿನ ವ್ಯಾಪಾರಿಗಳು ಬಂದು ಅದನ್ನು ಅಗ್ಗವಾಗಿ ಕೊಂಡು ಒಯ್ದರು. ಬ್ಯಾಂಕಾಕಿನ ಕಡೆಯಿಂದ ಅದೇ ಕಲ್ಲು ಸ್ವಚ್ಛ ನೀಲವಾಗಿ ಮಾರುಕಟ್ಟೆಗೆ ಬಂದಾಗ ಲಂಕೆಯವರು ತಲೆ ಚಚ್ಚಿಕೊಂಡಿರಬೇಕು.

ಗುಟ್ಟು ಇಷ್ಟೇ. ಮಬ್ಬಿಗೆ ಕಾರಣ ಆ ರುಟೈಲ್ ಸೂಜಿಗಳು, ಮತ್ತು ರುಟೈಲ್ ಎಂದರೆ ಟೈಟಾನಿಯಂ ಮತ್ತು ಆಮ್ಲಜನಕ. ಕುಲುಮೆಯಲ್ಲಿ 1,600 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಸೂಜಿಗಳು ಕರಗಿ ಟೈಟಾನಿಯಂ ಹರಳಿನೊಳಗೆ ಹರಡುತ್ತದೆ. ಕಬ್ಬಿಣ ಮೊದಲೇ ಅಲ್ಲಿರುತ್ತದೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಿರುವಂತೆ ನೋಡಿಕೊಂಡರೆ ಎರಡೂ ಜೋಡಿಯಾಗಿ ನೀಲಿ ಅರಳುತ್ತದೆ. ಸೂಜಿಗಳು ಹೋದದ್ದರಿಂದ ಮಬ್ಬೂ ತಿಳಿಯಾಗುತ್ತದೆ. ಶಾಖ ತಪ್ಪಿದರೆ ಕಲ್ಲು ಬಿರುಕು ಬಿಡುತ್ತದೆ. ಇಂದು ಮಾರುಕಟ್ಟೆಯಲ್ಲಿರುವ ನೀಲಗಳಲ್ಲಿ ಬಹುಪಾಲು ಬೆಂಕಿ ಕಂಡವೇ.

ನನ್ನ ಮಟ್ಟಿಗೆ ಇದು ಮೋಸವಲ್ಲ. ಭೂಮಿ ಅರ್ಧಕ್ಕೆ ಬಿಟ್ಟ ಅಡುಗೆಯನ್ನು ಮನುಷ್ಯ ಮುಗಿಸಿದ್ದಾನೆ, ಬಣ್ಣವೂ ಶಾಶ್ವತ. ಮೋಸವಾಗುವುದು ಅದನ್ನು ಹೇಳದೆ ಮಾರಿದಾಗ. ಏಕೆಂದರೆ ಸುಡದ ಒಳ್ಳೆಯ ನೀಲದ ಬೆಲೆ ಅಷ್ಟೇ ಚೆಂದದ ಸುಟ್ಟ ನೀಲಕ್ಕಿಂತ ಎಷ್ಟೋ ಹೆಚ್ಚು. ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಸೂಕ್ಷ್ಮದರ್ಶಕದಲ್ಲಿ ಸೂಜಿಗಳು ತುಂಡಾಗಿ ಚುಕ್ಕಿಗಳಾಗಿರುವುದು ಪರಿಣತರಿಗೆ ಸಿಗುತ್ತದೆ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಕೆಂಪು ಕಲ್ಲಿನ ಕಥೆಯೇ ಬೇರೆ. ಅದು ಕಲ್ಲು ಮತ್ತು ಗಾಜಿನ ತೇಪೆ. ಉಂಗುರವನ್ನು ನಿಂಬೆರಸದಲ್ಲಿ ನೆನೆಸಿ ತೊಳೆದರೆ ಆ ಗಾಜು ಹಾಳಾಗುತ್ತದೆ.

ಕೊರೆಯುವುದು

ಸಾಣೆಗಾರ ಮೊದಲು ಮಾಡುವುದು ಕೆಲಸವಲ್ಲ, ನೋಟ. ಲಂಕೆಯ ನೀಲದಲ್ಲಿ ಬಣ್ಣ ಎಲ್ಲೆಡೆ ಸಮನಾಗಿ ಇರುವುದಿಲ್ಲ; ಒಂದು ಮೂಲೆಯಲ್ಲಿ ಮಾತ್ರ ನೀಲಿ, ಉಳಿದದ್ದು ನೀರಿನಂತೆ. ಆ ಮೂಲೆಯನ್ನು ಕಲ್ಲಿನ ಕೆಳತುದಿಗೆ ಬರುವಂತೆ ಕೊರೆದರೆ ಒಳಗೆ ಪುಟಿಯುವ ಬೆಳಕು ಅದನ್ನು ಹಾದು ಬಂದು ಮೇಲಿನಿಂದ ಇಡೀ ಕಲ್ಲು ನೀಲಿಯಾಗಿ ಕಾಣುತ್ತದೆ. ಪಕ್ಕದಿಂದ ನೋಡಿ, ಗುಟ್ಟು ಹೊರಬೀಳುತ್ತದೆ. ಇದರ ಮೇಲೆ ದಿಕ್ಕಿನ ಲೆಕ್ಕವೂ ಇದೆ: ಅದೇ ಹರಳು ಒಂದು ಕಡೆಯಿಂದ ನೇರಳೆ ಬೆರೆತ ನೀಲಿ, ಇನ್ನೊಂದು ಕಡೆಯಿಂದ ಹಸಿರು ಬೆರೆತ ನೀಲಿ.

ಹಳಬರು ಕಮಾನಿನಂಥ ಬಿಲ್ಲನ್ನು ಒಂದು ಕೈಯಲ್ಲಿ ಎಳೆದು ಸಾಣೆ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿಯುತ್ತಿದ್ದರು. ಈಗ ವಿದ್ಯುತ್ ಯಂತ್ರ, ಕೋನ ಅಳೆಯುವ ಮಾಪಕ. ಒರಟು ಕಲ್ಲಿನ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುವುದು ಸಾಮಾನ್ಯ. ತೂಕ ಉಳಿಸುವ ಆಸೆಗೆ ಬಿದ್ದು ಕೆಳಭಾಗವನ್ನು ತೆಳುವಾಗಿ ಬಿಟ್ಟರೆ ಬೆಳಕು ಪುಟಿಯದೆ ಸೋರಿಹೋಗುತ್ತದೆ. ಪರೀಕ್ಷೆಗೆ ಈ ಪುರವಣಿಯೇ ಸಾಕು: ಉಂಗುರಕ್ಕೆ ಕೂರಿಸದ ಕಲ್ಲನ್ನು ಈ ಸಾಲಿನ ಮೇಲೆ ಮುಖ ಮೇಲಾಗಿ ಇಡಿ. ನಡುವಿನಲ್ಲಿ ಅಕ್ಷರ ಓದಲು ಬಂದರೆ ಕೊರೆತ ಸರಿಯಿಲ್ಲ.

ಮಾರುವುದು, ಕೊಳ್ಳುವುದು

ವಿಜಯನಗರದಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ಕೇಳಿ ಬೆಳೆದವರು ನಾವು. ರತ್ನಪುರದ ಬೀದಿಯಲ್ಲಿ ಬೆಳಿಗ್ಗೆ ನಡೆಯುವ ವ್ಯಾಪಾರ ತದ್ವಿರುದ್ಧ. ಮಡಚಿದ ಬಿಳಿ ಕಾಗದದಲ್ಲಿ ಒಂದೋ ಎರಡೋ ಕಲ್ಲು, ಅಂಗಿಯ ಜೇಬಿನಲ್ಲಿ ಟಾರ್ಚು, ಕಲ್ಲೊಂದಕ್ಕೇ ಬೇರೆ ಚೌಕಾಸಿ. ಅಲ್ಲಿಂದ ದಲ್ಲಾಳಿಗಳ ಕೈ ದಾಟಿ, ಕರಾವಳಿಯ ಬೇರುವಳದಂಥ ಪೇಟೆಗಳ ಮೂಲಕ ಕಲ್ಲು ಹೊರದೇಶಕ್ಕೆ ಹೋಗುತ್ತದೆ.

ನಮ್ಮೂರಿನ ಅಂಗಡಿಯಲ್ಲಿ ತೂಕವನ್ನು ‘ರತ್ತಿ’ಯಲ್ಲಿ ಹೇಳಿದರೆ ಒಪ್ಪಬೇಡಿ. ಗುಲಗಂಜಿಯಿಂದ ಬಂದ ಆ ಅಳತೆ ಊರಿಂದ ಊರಿಗೆ ಬೇರೆ. ಕ್ಯಾರೆಟ್ ಎಲ್ಲೆಡೆ 200 ಮಿಲಿಗ್ರಾಂ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಹೊಳೆಯುತ್ತದೆ, ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ. ಕೃತಕವೋ ಎಂದೂ ಕೇಳಿ: ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಜ್ವಾಲೆಯಲ್ಲಿ ಕೆಂಪನ್ನು ಬೆಳೆಸುವ ವಿಧಾನ ಪ್ರಕಟಿಸಿದ, ಕೆಲವೇ ವರ್ಷಗಳಲ್ಲಿ ನೀಲವೂ ಬಂತು. ಅದರ ಒಳಗೆರೆಗಳು ಬಾಗಿರುತ್ತವೆ, ನೆಲದ ಕಲ್ಲಿನವು ನೇರ. ದೊಡ್ಡ ಮೊತ್ತವಾದರೆ ಸ್ವತಂತ್ರ ಪ್ರಯೋಗಾಲಯದ ವರದಿ ಬೇಕೇ ಬೇಕು. ಬಿಲ್ಲಿನಲ್ಲಿ ‘ನೈಸರ್ಗಿಕ’ ಎಂಬುದರ ಪಕ್ಕದಲ್ಲೇ ‘ಸುಟ್ಟದ್ದು’ ಅಥವಾ ‘ಸುಡದ್ದು’ ಎಂದು ಬರೆಸಿಕೊಳ್ಳಿ. ಹಿಂದಿರುಗಿಸಲು ಎಷ್ಟು ದಿನ ಅವಕಾಶ ಎಂದೂ ವಿಚಾರಿಸಿ. ದಿಂಬಿನ ಪರೀಕ್ಷೆಗೆ ಮೂರು ದಿನ ಸಾಕು, ಪ್ರಯೋಗಾಲಯದ ಪರೀಕ್ಷೆಗೆ ಸಾಲದು.