ಗೋಡೆಬರಹದಿಂದ ಗೋರಿಕಲ್ಲಿನವರೆಗೆ: ಹನ್ನೊಂದರ ಮಕ್ಕಳಿಗೆ ನಾನು ಲ್ಯಾಟಿನ್ ಕಲಿಸುವ ಬಗೆ

ಶಾಲೆಯಲ್ಲಿ ಲ್ಯಾಟಿನ್ ಪಾಠವೆಂದರೆ ವಾರದ ಒಂದು ಪೀರಿಯಡ್ ವ್ಯಾಕರಣಕ್ಕೆ, ಇನ್ನೊಂದು ‘ರೋಮನ್ ಸಂಸ್ಕೃತಿ’ಗೆ ಎಂದು ಹಂಚಿಬಿಡುವುದು ಸುಲಭ. ಮೊದಲನೆಯದರಲ್ಲಿ ಪ್ರತ್ಯಯಗಳ ಕೋಷ್ಟಕ, ಎರಡನೆಯದರಲ್ಲಿ ಗ್ಲಾಡಿಯೇಟರ್ ಚಿತ್ರಕ್ಕೆ ಬಣ್ಣ ತುಂಬುವುದು. ಮಕ್ಕಳು ಎರಡನೆಯದಕ್ಕೆ ಕಾಯುತ್ತಾರೆ, ಮೊದಲನೆಯದನ್ನು ಸಹಿಸಿಕೊಳ್ಳುತ್ತಾರೆ. ನನಗೆ ಈ ಪಾಲು ಎಂದೂ ಹಿಡಿಸಿಲ್ಲ. ರೋಮನ್ನರು ತಮ್ಮ ಕೈಯಾರೆ ಗೋಡೆ, ನಾಣ್ಯ, ಸೀಸದ ತಗಡು, ಗೋರಿಕಲ್ಲುಗಳ ಮೇಲೆ ಬರೆದಿಟ್ಟ ಚಿಕ್ಕ ಚಿಕ್ಕ ಸಾಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ವ್ಯಾಕರಣವೂ ಬದುಕೂ ಒಂದೇ ಕಡೆ ಸಿಗುತ್ತವೆ. ಹೊಸದಾಗಿ ಕಲಿಯುವವರಿಗೆ ಅವು ಹೇಳಿ ಮಾಡಿಸಿದಂತಿವೆ, ಯಾಕೆಂದರೆ ಬರೆದವರೂ ಹೆಚ್ಚಿನವರು ಪಂಡಿತರಲ್ಲ.

ನಾನು ಸಿರ್ಸಿಯ ಕಡೆಯವಳು. ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಸಂಸ್ಕೃತ, ಆಮೇಲೆ ಧಾರವಾಡದಲ್ಲಿ ಅದರಲ್ಲೇ ಎಂ.ಎ. ಮದುವೆಯಾಗಿ ಇಂಗ್ಲೆಂಡಿನ ಈಶಾನ್ಯ ಮೂಲೆಗೆ ಬಂದ ಮೇಲೆ ಸಂಜೆ ತರಗತಿಯಲ್ಲಿ ಲ್ಯಾಟಿನ್ ಕಲಿತೆ, ಶಿಕ್ಷಕರ ತರಬೇತಿ ಮುಗಿಸಿದೆ, ಈಗ ನ್ಯೂಕ್ಯಾಸಲ್ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಕಲಿಸುತ್ತೇನೆ. ರಾಮಃ ರಾಮೌ ರಾಮಾಃ ಎಂದು ಬಾಯಿಪಾಠ ಮಾಡಿದವಳಿಗೆ ಲ್ಯಾಟಿನ್ನಿನ ವಿಭಕ್ತಿಗಳು ಹೆದರಿಸಲಿಲ್ಲ. ಸಂಸ್ಕೃತದ ತೃತೀಯಾ ಮತ್ತು ಸಪ್ತಮಿಯ ಕೆಲಸವನ್ನೂ ಇಲ್ಲಿ ಬಹುಮಟ್ಟಿಗೆ ಪಂಚಮಿಯೇ ಹೊತ್ತುಕೊಂಡಿದೆ, ದ್ವಿವಚನವಂತೂ ಇಲ್ಲವೇ ಇಲ್ಲ. ಆದರೆ ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿಲ್ಲದ ಮಗುವಿಗೆ ಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತದೆ ಅನ್ನುವುದೇ ವಿಚಿತ್ರ. ಆ ಮಗುವಿಗೆ ಕರ್ತೃ ಅಂದರೆ ಮೊದಲು ಬರುವವನು, ಕರ್ಮ ಅಂದರೆ ಆಮೇಲೆ ಬರುವವನು, ಅಷ್ಟೇ. ನನ್ನ ತರಗತಿಯಲ್ಲಿ ಇದನ್ನು ಮೊದಲು ಹಿಡಿಯುವವರು ಪೋಲಿಷ್ ಮನೆಯ ಮಕ್ಕಳು. ಅವರ ಭಾಷೆಯಲ್ಲಿ ಏಳು ವಿಭಕ್ತಿಗಳಿವೆ.

ದ್ವಿತೀಯಾ ವಿಭಕ್ತಿಯನ್ನು ನಾನು ಕಲಿಸುವುದು ಪೊಂಪೇಯಿಯ ಚುನಾವಣಾ ಗೋಡೆಬರಹಗಳಿಂದ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಆ ಊರಿನ ಗೋಡೆಗಳ ಮೇಲೆ ಕೆಂಪು, ಕಪ್ಪು ಬಣ್ಣದಲ್ಲಿ ಬರೆದ ಇಂಥ ಬರಹಗಳು ಸಾವಿರಾರು ಸಿಕ್ಕಿವೆ. ಬೋರ್ಡಿನ ಮೇಲೆ ಒಂದನ್ನು ಹಾಕುತ್ತೇನೆ: ‘ಗ್ನೈಯುಮ್ ಹೆಲ್ವಿಯುಮ್ ಸಬೀನುಮ್ ಐದೀಲೆಮ್’, ಅದರ ಮುಂದೆ ಮೂರೇ ಅಕ್ಷರ, ಓ ವಿ ಎಫ್. ಮೂರಕ್ಷರದ ಪೂರ್ಣ ರೂಪ ‘ಓರೋ ವೋಸ್ ಫಕಿಯಾತಿಸ್’. ಒಟ್ಟು ಅರ್ಥ: ಗ್ನೈಯುಸ್ ಹೆಲ್ವಿಯುಸ್ ಸಬೀನುಸ್‌ನನ್ನು ಐದೀಲ್ ಮಾಡಿರೆಂದು ಬೇಡುತ್ತೇನೆ. ಐದೀಲ್ ಅಂದರೆ ಊರಿನ ರಸ್ತೆ, ಸಂತೆ, ಸಾರ್ವಜನಿಕ ಕಟ್ಟಡ ನೋಡಿಕೊಳ್ಳುವ ಅಧಿಕಾರಿ. ವರ್ಷಕ್ಕೆ ಇಬ್ಬರು.

ಅಭ್ಯರ್ಥಿಯ ಹೆಸರು ಸಬೀನುಸ್, ಗೋಡೆಯ ಮೇಲಿರುವುದು ಸಬೀನುಮ್. ಯಾಕೆ? ಬೇರೆ ಬೇರೆ ಹೆಸರಿನ ಹತ್ತಾರು ಬರಹಗಳ ಚಿತ್ರ ಮೇಜಿನ ಮೇಲೆ ಹರಡಿ ಸುಮ್ಮನಿರುತ್ತೇನೆ. ಹೆಸರುಗಳೆಲ್ಲ ‘ಮ್’ನಲ್ಲಿ ಮುಗಿಯುತ್ತವೆ ಎಂದು ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ. ನಿಯಮ ನನ್ನ ಬಾಯಿಂದ ಬರುವ ಮೊದಲೇ ಅವರ ಬಾಯಿಂದ ಬಂದಿರುತ್ತದೆ. ಆಮೇಲೆ ತರಗತಿಯಲ್ಲೇ ಚುನಾವಣೆ. ಪ್ರತಿಯೊಬ್ಬರೂ ಪಕ್ಕದವರ ಪರವಾಗಿ ಪೋಸ್ಟರ್ ಬರೆಯಬೇಕು. ಎಮ್ಮಾ ‘ಎಮ್ಮಮ್’ ಆಗುತ್ತಾಳೆ, ಮಾಯಾ ‘ಮಾಯಮ್’, ಮಾರ್ಕಸ್ ಎಂಬ ಹುಡುಗನಿದ್ದರೆ ಅವನಿಗೆ ಕಷ್ಟವೇ ಇಲ್ಲ. ಕಾರಿಡಾರಿನಲ್ಲಿ ಪೋಸ್ಟರ್ ಅಂಟಿಸಿದ ಮೇಲೆ ತಪ್ಪು ಪ್ರತ್ಯಯ ಕಂಡವರು ಕೆಂಪು ಪೆನ್ನಿನಲ್ಲಿ ತಿದ್ದಬಹುದು. ತಿದ್ದಲು ಅವರು ತೋರಿಸುವ ಉತ್ಸಾಹವನ್ನು ನಾನು ಕೊಟ್ಟ ಯಾವ ಹೋಂವರ್ಕೂ ಕಂಡಿಲ್ಲ.

ಈ ಬರಹಗಳ ಮಜಾ ಇನ್ನೂ ಇದೆ. ಯಾರ ಬೆಂಬಲವಿದೆ ಎಂದು ಹೇಳಿಕೊಳ್ಳುವುದು ಅಲ್ಲಿಯೂ ವಾಡಿಕೆ: ಹಣ್ಣಿನ ವ್ಯಾಪಾರಿಗಳು, ಹೇಸರಗತ್ತೆ ಹೊಡೆಯುವವರು. ಕೆರ್ರಿನಿಯುಸ್ ವಾತಿಯ ಎಂಬಾತನ ಪರವಾಗಿ ‘ಸೇರಿಬಿಬೀ’ಗಳೆಲ್ಲ, ಅಂದರೆ ತಡರಾತ್ರಿಯ ಕುಡುಕರೆಲ್ಲ, ಬೇಡುತ್ತಿದ್ದಾರೆ. ಅದು ಎದುರಾಳಿಗಳ ಕುಚೋದ್ಯವೋ ಕುಡುಕರದೇ ತಮಾಷೆಯೋ ಎಂದು ಮಕ್ಕಳು ವಾದಕ್ಕೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅದು ಎದುರಾಳಿಗಳದೇ. ಅದೇ ವಾತಿಯನಿಗೆ ಇನ್ನೊಂದು ಗೋಡೆಯ ಮೇಲೆ ಚಿಲ್ಲರೆ ಕಳ್ಳರ ಬೆಂಬಲವೂ ಇದೆ! ಓಟಿನ ಹಕ್ಕೇ ಇಲ್ಲದ ಹೆಂಗಸರು ಬೆಂಬಲ ಸೂಚಿಸಿ ಬರೆಸಿದ ಬರಹಗಳೂ ಇವೆ. ಪೇಂಟರುಗಳು ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದರು. ಒಂದು ಕಡೆ ಬರಹದ ಜೊತೆಗೇ ‘ಲಂತೆರ್ನಾರೀ, ತೆನೇ ಸ್ಕಾಲಮ್’ ಎಂದಿದೆ, ‘ಲಾಟೀನಿನವನೇ, ಏಣಿ ಹಿಡಿ’. ಸಂಬೋಧನೆ, ಆಜ್ಞಾರ್ಥ, ದ್ವಿತೀಯಾ, ಮೂರೂ ಮೂರೇ ಪದಗಳಲ್ಲಿ.

ಉಚ್ಚಾರಣೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ‘ಸಿ’ ಎಲ್ಲ ಕಡೆ ಕಕಾರ, ‘ವಿ’ ವಕಾರ, ಮುಗಿಯಿತು. ಒಂದೇ ತೊಂದರೆ ಒತ್ತಕ್ಷರದ್ದು. ‘ಅನ್ನುಸ್’ ಅಂದರೆ ವರ್ಷ, ‘ಅನುಸ್’ ಅಂದರೆ ಮುದುಕಿ. ಇಂಗ್ಲಿಷ್ ಮಕ್ಕಳ ಬಾಯಲ್ಲಿ ಎರಡೂ ಒಂದೇ. ನನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಲ್ಯಾಟಿನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ಎಲ್ಲಕ್ಕೂ ನಮ್ಮಲ್ಲಿ ಬೇರೆ ಬೇರೆ ಅಕ್ಷರವಿದೆ, ದೇವನಾಗರಿಯಲ್ಲಿ ಆ ಸೌಕರ್ಯ ಇಲ್ಲ.

ಷಷ್ಠೀ ವಿಭಕ್ತಿಗೆ ನಾಣ್ಯ. ತಿಬೆರಿಯುಸ್ ಚಕ್ರವರ್ತಿಯ ಬೆಳ್ಳಿ ದೆನಾರಿಯುಸ್‌ನ ಅಂಚಿನಲ್ಲಿ ಅವನ ಹೆಸರಿನ ನಡುವೆ ‘ದೀವೀ ಔಗುಸ್ತೀ ಫೀಲಿಯುಸ್’ ಎಂದು ಸಂಕ್ಷೇಪದಲ್ಲಿದೆ, ದೈವತ್ವಕ್ಕೇರಿದ ಔಗುಸ್ತುಸ್‌ನ ಮಗ. ಕೊನೆಯ ‘ಈ’ಕಾರ ನಮ್ಮ ‘ನ’ ಪ್ರತ್ಯಯದ ಕೆಲಸ ಮಾಡುತ್ತದೆ. ತಿಬೆರಿಯುಸ್‌ನ ಬೆಳ್ಳಿ ನಾಣ್ಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ ಎಂದು ಹೇಳಿ ಭೂಪಟ ತೋರಿಸಿದಾಗ, ರೋಮ್ ಅಂದರೆ ಇಟಲಿ ಎಂದುಕೊಂಡಿದ್ದ ಮಕ್ಕಳು ಮೆಣಸು, ಹಡಗು, ಮುಂಗಾರು ಗಾಳಿಯ ಬಗ್ಗೆ ಕೇಳಲು ಶುರುಮಾಡುತ್ತಾರೆ. ಅವತ್ತಿನ ಪಾಠ ಅಲ್ಲಿಗೆ ಹಳಿ ತಪ್ಪುತ್ತದೆ. ನಾನು ತಡೆಯುವುದಿಲ್ಲ.

ಎಲ್ಲರಿಗಿಂತ ತುಂಟರಿಗೆ ಇಷ್ಟವಾಗುವುದು ಶಾಪದ ತಗಡುಗಳು. ಬಾತ್ ನಗರದ ಬಿಸಿನೀರಿನ ಬುಗ್ಗೆಯಲ್ಲಿ ಸೂಲಿಸ್ ದೇವಿಗೆ ಬರೆದ ಸುಮಾರು 130 ತಗಡುಗಳು ಸಿಕ್ಕಿವೆ. ತೆಳ್ಳಗಿನ ಸೀಸದ ಅಥವಾ ಸೀಸ-ತವರ ಬೆರೆತ ತುಂಡಿನ ಮೇಲೆ ಕೊರೆದು, ಮಡಚಿ, ನೀರಿಗೆ ಹಾಕುತ್ತಿದ್ದರು. ಹೆಚ್ಚಿನವು ಕಳ್ಳತನದ ದೂರುಗಳು: ಬಟ್ಟೆ, ಚಿಲ್ಲರೆ ಹಣ, ಸಣ್ಣಪುಟ್ಟ ಸಾಮಾನು. ದೋಕಿಲಿಯಾನುಸ್ ಎಂಬಾತನ ಕುಲಾವಿಯಿದ್ದ ಮೇಲಂಗಿ ಕಳುವಾಗಿದೆ. ಕದ್ದವನು ಗಂಡಸಾಗಲಿ ಹೆಂಗಸಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ, ಅಂಗಿಯನ್ನು ದೇವಿಯ ಗುಡಿಗೆ ತಂದೊಪ್ಪಿಸುವವರೆಗೆ ಅವನಿಗೆ ನಿದ್ದೆ ಬೇಡ, ಮಕ್ಕಳೂ ಬೇಡ ಎಂದು ಅವನು ಬೇಡಿಕೊಂಡಿದ್ದಾನೆ. ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲೆಂದು ಮುಗಿಯುವ ನಮ್ಮ ಶಿಲಾಶಾಸನಗಳ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದಲ್ಲ. ಕಳ್ಳನಿಗೆ ಒಂದು ಸಂದೂ ಬಿಡಬಾರದು ಅನ್ನುವ ವಕೀಲಿ ಬುದ್ಧಿ ಎರಡರಲ್ಲೂ ಇದೆ.

ಇದಕ್ಕೆ ಬೇಕಾದ ಸಾಮಾನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮತ್ತು ಇಂಕು ಮುಗಿದ ಬಾಲ್‌ಪೆನ್. ಫಾಯಿಲನ್ನು ನಾಲ್ಕು ಮಡಿಕೆ ಮಾಡಿದರೆ ಹರಿಯುವುದಿಲ್ಲ, ಕೆಳಗೆ ನೋಟ್‌ಬುಕ್ ಇಟ್ಟರೆ ಅಕ್ಷರ ಚೆನ್ನಾಗಿ ಇಳಿಯುತ್ತದೆ. ‘ದೇವೊವೆಯೋ ಎಉಮ್ ಕ್ವೀ’ ಎಂದು ಶುರು, ಅಂದರೆ ‘ಯಾರು ... ಅವನನ್ನು ದೇವಿಗೆ ಒಪ್ಪಿಸುತ್ತೇನೆ’. ನಡುವೆ ‘ಸೀ ವಿರ್ ಸೀ ಫೇಮಿನ, ಸೀ ಸೆರ್ವುಸ್ ಸೀ ಲೀಬೆರ್’. ಕಳೆದುಹೋದ ವಸ್ತು ದ್ವಿತೀಯಾದಲ್ಲಿ ಇರಲೇಬೇಕು, ಇಲ್ಲದಿದ್ದರೆ ಶಾಪ ತಟ್ಟುವುದಿಲ್ಲ ಎಂದು ಹೆದರಿಸುತ್ತೇನೆ. ಒಂದೇ ಕಟ್ಟಳೆ: ಸಹಪಾಠಿಯ ಹೆಸರು ಬರೆಯುವಂತಿಲ್ಲ. ಬಾತ್‌ನಲ್ಲಿ ಕೆಲವರು ಅಕ್ಷರಗಳನ್ನು ತಿರುಗುಮುರುಗಾಗಿ ಬರೆದಿದ್ದಾರೆಂದು ಹೇಳಿದರೆ ಸಾಕು, ಅರ್ಧ ತರಗತಿ ಹಾಗೇ ಬರೆಯುತ್ತದೆ, ತಿದ್ದುವ ನನ್ನ ಕಣ್ಣು ಹೋಗುತ್ತದೆ.

ಗುಲಾಮಗಿರಿಯ ವಿಷಯ ಬಂದಾಗ ಮಾತ್ರ ನಾನು ತಮಾಷೆ ಬಿಡುತ್ತೇನೆ. ಮಕ್ಕಳ ಲ್ಯಾಟಿನ್ ಕಥೆಗಳಲ್ಲಿ ನಗುನಗುತ್ತ ಅಡುಗೆ ಮಾಡುವ ಗುಲಾಮ, ಯಜಮಾನನಿಗೆ ಚಳ್ಳೆಹಣ್ಣು ತಿನ್ನಿಸುವ ಜಾಣ ಗುಲಾಮ ಇಬ್ಬರೂ ಸುಲಭವಾಗಿ ಸಿಗುತ್ತಾರೆ. ಅಂಥ ಕಥೆ ಓದಿಸಿದ ವಾರವೇ ರೋಮ್‌ನ ಮ್ಯೂಸಿಯಂನಲ್ಲಿರುವ ಕಬ್ಬಿಣದ ಕೊರಳಪಟ್ಟಿಯ ಚಿತ್ರ ತೋರಿಸುತ್ತೇನೆ. ಅದಕ್ಕೆ ತೂಗುಬಿಟ್ಟ ಬಿಲ್ಲೆಯ ಮೇಲೆ ‘ಫೂಗೀ, ತೆನೇ ಮೇ’ ಎಂದಿದೆ: ಓಡಿಹೋಗಿದ್ದೇನೆ, ನನ್ನನ್ನು ಹಿಡಿ. ನನ್ನ ಯಜಮಾನ ಜೋನಿನುಸ್‌ಗೆ ಒಪ್ಪಿಸಿದರೆ ನಿನಗೊಂದು ಚಿನ್ನದ ನಾಣ್ಯ ಸಿಗುತ್ತದೆ. ಭೂತಕಾಲ, ಆಜ್ಞಾರ್ಥ, ಉತ್ತಮ ಪುರುಷ ಸರ್ವನಾಮ. ವ್ಯಾಕರಣ ಕ್ಷಣದಲ್ಲಿ ಮುಗಿಯುತ್ತದೆ. ಆಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ‘ನಾನು’ ಅನ್ನುತ್ತಿರುವುದು ಯಾರು? ಕೊರಳಿನವನು ಅಲ್ಲವಷ್ಟೆ.

ಅಲ್ಲಿಂದ ಸೌತ್ ಶೀಲ್ಡ್ಸ್‌ಗೆ. ನಮ್ಮ ಶಾಲೆಯಿಂದ ಮೆಟ್ರೋದಲ್ಲೇ ಹೋಗಬಹುದು. ಅರ್ಬೇಯ ಎಂಬ ರೋಮನ್ ಕೋಟೆಯ ಮ್ಯೂಸಿಯಂನಲ್ಲಿ ರೆಗೀನಾ ಎಂಬವಳ ಗೋರಿಕಲ್ಲಿದೆ. ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಾಳೆ, ಪಕ್ಕದಲ್ಲಿ ಉಣ್ಣೆಯ ಉಂಡೆಗಳ ಬುಟ್ಟಿ, ಒಡವೆ ಪೆಟ್ಟಿಗೆ, ಕೊರಳಲ್ಲಿ ಸರ. ಮುಖ ಒಡೆದುಹೋಗಿದೆ. ದಕ್ಷಿಣ ಬ್ರಿಟನ್ನಿನ ಕತುವೆಲ್ಲೌನಿ ಕುಲದವಳು, ಗುಲಾಮಳಾಗಿದ್ದವಳು. ಅವಳನ್ನು ಬಿಡುಗಡೆ ಮಾಡಿ ಮದುವೆಯಾದವನು ಸಿರಿಯಾದ ಪಾಲ್ಮಿರಾದಿಂದ ಬಂದ ಬರಾತೆಸ್. ಅವಳು ಸತ್ತಾಗ ವಯಸ್ಸು ಮೂವತ್ತು.

ಬರಾತೆಸ್ ಕೆತ್ತಿಸಿದ ಲ್ಯಾಟಿನ್ನಿನಲ್ಲಿ ತಪ್ಪಿದೆ. ಸತ್ತವರ ಹೆಸರು ಚತುರ್ಥಿಯಲ್ಲಿ ಬರಬೇಕಾದ ಜಾಗದಲ್ಲಿ ಬೇರೇನೋ ಪ್ರತ್ಯಯ. ಎರಡು ವರ್ಷ ಕಲಿತ ಮಕ್ಕಳು ಇದನ್ನು ಹಿಡಿದುಬಿಡುತ್ತಾರೆ, ಹಿಡಿದದ್ದಕ್ಕೆ ಹಿಗ್ಗುತ್ತಾರೆ. ಕೆಳಗೆ ಇನ್ನೊಂದು ಸಾಲಿದೆ, ಅವನ ಊರಿನ ಪಾಲ್ಮಿರಾ ಲಿಪಿಯಲ್ಲಿ, ಸರಾಗವಾದ ಕೈಯಲ್ಲಿ: ರೆಗೀನಾ, ಬರಾತೆಯಿಂದ ಬಿಡುಗಡೆಯಾದವಳು, ಅಯ್ಯೋ. ಆ ಕೊನೆಯ ಉದ್ಗಾರ ಲ್ಯಾಟಿನ್ ಭಾಗದಲ್ಲಿ ಇಲ್ಲ. ನಮ್ಮ ತರಗತಿಯಲ್ಲಿ ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುವ ಮಕ್ಕಳು ಕಡಿಮೆಯೇನಿಲ್ಲ, ಅವರಿಗೆ ನಾನು ಏನನ್ನೂ ವಿವರಿಸಬೇಕಾಗಿಲ್ಲ. ಆದರೆ ಇದನ್ನು ಪ್ರೇಮಕಥೆಯಾಗಿ ಮುಗಿಸಲು ನಾನು ಬಿಡುವುದಿಲ್ಲ. ಕ್ರಿ.ಶ. 4ರ ಕಾನೂನಿನ ಪ್ರಕಾರ ಮೂವತ್ತು ತುಂಬದ ಗುಲಾಮರನ್ನು ವಿಧಿವತ್ತಾಗಿ ಬಿಡುಗಡೆ ಮಾಡಲು ತಕ್ಕ ಕಾರಣ ಬೇಕಿತ್ತು, ಅವಳನ್ನೇ ಮದುವೆಯಾಗುವುದು ಅಂಥ ಒಂದು ಕಾರಣ. ಅವಳು ಬೇಡ ಅನ್ನಬಹುದಿತ್ತೇ? ಕಲ್ಲಿನ ಮುಂದೆ ನಿಂತು ಇದನ್ನೇ ಚರ್ಚೆ ಮಾಡುತ್ತೇವೆ, ಉತ್ತರ ಒಂದೇ ಬರುವುದಿಲ್ಲ.

ಇಷ್ಟೆಲ್ಲ ಶಾಸನ ಅಂದರೂ ಕಟ್ಟುಕಥೆಯ ಪಠ್ಯಪುಸ್ತಕವನ್ನು ನಾನು ಬಿಟ್ಟಿಲ್ಲ. ನಿರರ್ಗಳವಾಗಿ ಓದುವ ಅಭ್ಯಾಸಕ್ಕೆ ಉದ್ದದ ಕಥೆ ಬೇಕೇ ಬೇಕು, ಗೋಡೆಬರಹದಿಂದ ಅದು ಬರುವುದಿಲ್ಲ. ಕೋಷ್ಟಕದ ಬಾಯಿಪಾಠವನ್ನೂ ಬಿಟ್ಟಿಲ್ಲ. ಮೊದಲು ಕಲ್ಲಿನ ಮೇಲೆ ನೋಡಿರುತ್ತಾರೆ, ಆಮೇಲೆ ಗಟ್ಟಿಯಾಗಿ ರಾಗದಲ್ಲಿ ಹೇಳುತ್ತಾರೆ. ನನ್ನ ಸಹೋದ್ಯೋಗಿಗಳಿಗೆ ಈ ಬಾಯಿಪಾಠ ಹಳೇ ಕಾಲದ್ದೆನಿಸುತ್ತದೆ. ಸಂಸ್ಕೃತ ಪಾಠಶಾಲೆಯ ಜಗುಲಿಯಲ್ಲಿ ಕೂತು ಕಲಿತವರನ್ನು ಕಂಡ ನನಗೆ ಹಾಗೆನಿಸುವುದಿಲ್ಲ.

ಯುಗಾದಿಗೋ ದೀಪಾವಳಿಗೋ ಇಲ್ಲಿನ ಕನ್ನಡದವರು ಸೇರಿದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ, “ಮೇಡಂ, ಮಗಳು ಲ್ಯಾಟಿನ್ ತಗೊಂಡಿದ್ದಾಳೆ, ಏನಾದ್ರೂ ಉಪಯೋಗ ಉಂಟಾ?” ಕೇಳುವವರು ಹೆಚ್ಚಾಗಿ ಡಾಕ್ಟರುಗಳು. ದಿನವಿಡೀ ಬಿ.ಡಿ., ಟಿ.ಡಿ.ಎಸ್. ಎಂದು ಚೀಟಿ ಬರೆಯುವವರು! ಅದು ‘ಬಿಸ್ ದಿಯೇ’, ದಿನಕ್ಕೆ ಎರಡು ಸಲ, ‘ತೆರ್ ದಿಯೇ ಸೂಮೆಂದುಮ್’, ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು ಎಂದರೆ ನಗುತ್ತಾರೆ. ಆದರೆ ಉಪಯೋಗದ ಲೆಕ್ಕ ನಾನು ಹೆಚ್ಚು ಹೇಳಲು ಹೋಗುವುದಿಲ್ಲ. ಲ್ಯಾಟಿನ್ ಕಲಿತರೆ ಇಂಗ್ಲಿಷ್ ಸುಧಾರಿಸುತ್ತದೆ ಅನ್ನುವ ಜಾಹೀರಾತು ನನಗೆ ಸೇರದು. ಇಂಗ್ಲಿಷ್ ಸುಧಾರಿಸಬೇಕಿದ್ದರೆ ಇಂಗ್ಲಿಷ್ ಓದಲಿ.

ಅವರಿಗೆ ನಾನು ಹೇಳುವುದು ಬೇರೆ. ಮನೆಯಲ್ಲಿ ಕನ್ನಡ ಆಡುವ ಮಗು ಲ್ಯಾಟಿನ್ ವಾಕ್ಯವನ್ನು ನೇರ ಇಂಗ್ಲಿಷಿಗೆ ತರಲು ಒದ್ದಾಡುತ್ತಿದ್ದರೆ ಮೊದಲು ಕನ್ನಡದಲ್ಲಿ ಹೇಳಿಸಿ. ‘ಕೊಕ್ವುಸ್ ಸೆರ್ವೋ ಪಾನೆಮ್ ದತ್’: ಅಡುಗೆಯವನು ಆಳಿಗೆ ರೊಟ್ಟಿಯನ್ನು ಕೊಡುತ್ತಾನೆ. ನಾಲ್ಕಕ್ಕೆ ನಾಲ್ಕು ಪದ, ಅದೇ ಸಾಲು, ಬಾಲಗಳೂ ಅವುಗಳ ಜಾಗದಲ್ಲೇ. ಇಂಗ್ಲಿಷಿಗೆ ತಿರುಗಿಸುವ ಕೆಲಸ ಆಮೇಲೆ ಮಾಡಲಿ. ನನ್ನ ಮಗನಿಗೆ ಊಟದ ಮೇಜಿನ ಮೇಲೆ ನಾನು ಹೇಳಿಕೊಡುವುದು ಹೀಗೇ. ಅವನ ಕನ್ನಡದಲ್ಲಿ ‘ರೊಟ್ಟಿಯನ್ನು’ ಬದಲು ಬರೀ ‘ರೊಟ್ಟಿ’ ಬರುತ್ತದೆ, ನಾವೆಲ್ಲ ಆಡುವ ಹಾಗೆ. ಆಗ ಎರಡೂ ಭಾಷೆಯ ದ್ವಿತೀಯಾ ಒಟ್ಟಿಗೇ ತಿದ್ದಬೇಕಾಗುತ್ತದೆ.